ಮೆಂಬರು ಯಾರ ಕಡೆಯವರು?

ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟುವ ವಾರ ನಮ್ಮ ಜಂಗಮಕೋಟೆ ಕಡೆ ಹುಳುಮನೆಗೆ, ರೋಗ ತಗುಲೀತೆಂದು, ಹೊರಗಿನವರನ್ನು ಬಿಡುವುದಿಲ್ಲ. ನೆಂಟರು ಬಂದರೂ ಬೀದಿಯಲ್ಲೇ ನಿಲ್ಲಿಸಿ ಮಾತಾಡಿಸುತ್ತೇವೆ. ಅಂಥ ವಾರದಲ್ಲೇ ಮುನಿಗಂಗಮ್ಮನ ಮನೆಗೆ ಕೋರ್ಟಿನ ಅಮೀನ ನೋಟಿಸ್ ಹಿಡಿದು ಬಂದ.

"ಒಳಗೆ ಹುಳ ಗೂಡು ಕಟ್ತಾ ಐತೆ, ಹೋಗಪ್ಪ ಹೋಗು!" ಎಂದು ಅವಳು ಬಾಗಿಲು ಹಾಕಿಕೊಂಡಳು.

ಅವನು ಕಾಗದವನ್ನು ಬಾಗಿಲಿಗೆ ಅಂಟಿಸಿ ಹೋದ. ಮುನಿಗಂಗಮ್ಮನಿಗೆ ಓದು ಬಾರದು. ಯಾವ ಊರಿನ ರೋಗ ಮೆತ್ತಿಕೊಂಡಿದೆಯೋ ಎಂದು ಅದನ್ನು ಕಿತ್ತೆಸೆದು, ಬಾಗಿಲಿಗೆ ಬ್ಲೀಚಿಂಗ್ ಪೌಡರ್ ನೀರು ಹೊಡೆದಳು. ನಾನು ಎದುರು ಮನೆಯವಳು, ಅಂಗನವಾಡಿ ಟೀಚರ್ ಶೈಲಜಾ. ಅವತ್ತು ಮೀಟಿಂಗಿಗೆಂದು ಊರು ಬಿಟ್ಟು ಹೋಗಿದ್ದೆ. ಇದ್ದಿದ್ದರೆ ಅವತ್ತೇ ಓದಿ ಹೇಳುತ್ತಿದ್ದೆ.

ಗಂಡ ತೀರಿಕೊಂಡ ಮೇಲೆ ಆ ಇಪ್ಪತ್ತು ಗುಂಟೆ ಹಿಪ್ಪುನೇರಳೆ ತೋಟವೇ ಅವಳ ಅನ್ನ. ತೋಟ ತನ್ನದೆಂದು ಮೈದುನ ವೆಂಕಟರವಣಪ್ಪ ಶಿಡ್ಲಘಟ್ಟದ ಕೋರ್ಟಿನಲ್ಲಿ ದಾವೆ ಹಾಕಿದ್ದ. ಕರೆದ ದಿನ ಇವಳು ಹೋಗಲಿಲ್ಲ. ಒಂದು ಕಡೆಯ ಮಾತನ್ನಷ್ಟೇ ಕೇಳಿ ತೀರ್ಪಾಯಿತು. ತೋಟ ಮೈದುನನ ಪಾಲಾಯಿತು.

ತೀರ್ಪಾಗಿ ಹತ್ತು ದಿನಕ್ಕೆ ನನಗೆ ವಿಷಯ ತಿಳಿಯಿತು. ಓಡಿದೆ.

"ಅಕ್ಕಾ, ಕೇಸನ್ನ ಮತ್ತೆ ಕೇಳಿ ಅಂತ ಮೂವತ್ತು ದಿನದೊಳಗೆ ಅರ್ಜಿ ಹಾಕ್ಬೋದು. ಕೋರ್ಟಿನ ಹತ್ರಾನೇ ತಾಲ್ಲೂಕು ಕಾನೂನು ಸೇವಾ ಸಮಿತಿ ಐತೆ. ಹೆಂಗಸರಿಗೆ ಪುಕ್ಕಟೆ ಲಾಯರು ಕೊಡ್ತಾರೆ. ಏಳು, ಹೋಗಣ."

"ಆ ಸಮಿತಿ ಮೆಂಬರೆಲ್ಲ ನಮ್ಮ ಮೈದುನನ ಕಡೆಯವರೇ ಅಂತೆ ಕಣಮ್ಮ. ತಾನೇ ಹಾಕ್ಸಿದ್ದು ಅಂತ ಡೇರಿ ಹತ್ರ ಹೇಳ್ತಿದ್ನಂತೆ."

"ಅವನ ಬಾಯಿಗೆ ಮಣ್ಣಾಕ! ಅದೇನು ಡೇರಿ ಎಲೆಕ್ಷನ್ನಾ? ತಾಲ್ಲೂಕಿನ ಹಿರಿಯ ಜಡ್ಜೇ ಅದಕ್ಕೆ ಅಧ್ಯಕ್ಷರು. ಯಾರೂ ಓಟು ಹಾಕಲ್ಲ, ಆ ಹುದ್ದೇಲಿ ಇರೋರೇ ಆಗ್ತಾರೆ. ಉಳಿದ ಮೆಂಬರುಗಳನ್ನ ಸರ್ಕಾರ ನೇಮಿಸುತ್ತೆ, ಅದೂ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳ ಹತ್ರ ಸಮಾಲೋಚನೆ ಮಾಡಿ. ಬೆಂಗಳೂರಲ್ಲಿರೋ ರಾಜ್ಯ ಕಾನೂನು ಸೇವಾ ಪ್ರಾಧಿಕಾರಕ್ಕೂ ಹಂಗೇನೇ. ಅದನ್ನ ನಡೆಸೋರು ಹೈಕೋರ್ಟ್ ಜಡ್ಜು, ಇಲ್ಲಾ ರಿಟೈರಾದ ಜಡ್ಜು. ಅವರನ್ನ ರಾಜ್ಯಪಾಲರು ಹೆಸರಿಸ್ತಾರೆ, ಮುಖ್ಯ ನ್ಯಾಯಮೂರ್ತಿಗಳನ್ನ ಕೇಳಿಯೇ."

"ಸರ್ಕಾರ ಅಂದ್ರೆ ಅವನ ಪಾರ್ಟಿಯೋರೇ ತಾನೇ?"

"ಇರ್ಲಿ ಬಿಡಕ್ಕ. ಒಬ್ಬ ಮೆಂಬರು ಅವನಿಗೆ ನೆಂಟನೇ ಅಂತ ಇಟ್ಕೋ. ಮೆಂಬರು ತೀರ್ಪು ಕೊಡಲ್ಲ. ಸಮಿತಿ ನಿಂಗೊಬ್ಬ ಲಾಯರನ್ನ ಕೊಡುತ್ತೆ, ಅಷ್ಟೇ. ನಿನ್ನ ಪರವಾಗಿ ಮಾತಾಡೋರು ಬೇಡ್ವಾ?"

ಮುನಿಗಂಗಮ್ಮ ಸೊಪ್ಪಿನ ಮಂಕರಿ ಎತ್ತಿಕೊಂಡಳು. "ನೋಡಣ ಬಿಡಮ್ಮ. ಈ ಬೆಳೆ ಮುಗೀಲಿ."

ಮುನಿಸಿಕೊಂಡು ಎದ್ದು ಬಂದೆ. ಮಾರನೇ ದಿನವೂ ಹೋಗಿ ಹೇಳಬೇಕಿತ್ತು. ಹೋಗಲಿಲ್ಲ. ನನಗೂ ಕೊಬ್ಬು.

ತೀರ್ಪಾದ ನಲವತ್ತನೇ ದಿನ ಬೆಳಿಗ್ಗೆ ಅವಳ ಮಗಳು ತನುಜ ಅಳುತ್ತಾ ಓಡಿ ಬಂದಳು. "ಅಕ್ಕಾ, ಚಿಕ್ಕಪ್ಪ ಟ್ರ್ಯಾಕ್ಟರ್ ತಂದು ತೋಟ ಕೀಳಿಸ್ತಾವ್ನೆ!"

ನಾವು ಹೋಗುವಷ್ಟರಲ್ಲಿ ಅರ್ಧ ತೋಟ ಬೇರು ಸಮೇತ ಮಗುಚಿ ಬಿದ್ದಿತ್ತು. ಮನೆಯಲ್ಲಿ ಹೊಸ ಬೆಳೆಯ ಹುಳುಗಳು, ಮೂರನೇ ಜ್ವರ ಎದ್ದು, ಅಂದರೆ ಮೂರನೇ ಸಲ ಪೊರೆ ಕಳಚಿ, ಹಸಿದಿದ್ದವು. ಉಳಿದರ್ಧಕ್ಕೆ ಕಾಲಿಡಲು ಮೈದುನ ಬಿಡಲಿಲ್ಲ, ಹಾಕಲು ಸೊಪ್ಪಿಲ್ಲ. ಮುನಿಗಂಗಮ್ಮ ಬದುವಿನ ಮೇಲೆ ಕುಸಿದು ಕೂತಳು. ಆಮೇಲೆ ನನ್ನ ಕಡೆ ತಿರುಗಿ, "ಎಲ್ಲಮ್ಮಾ ಆ ಸಮಿತಿ? ಕರ್ಕೊಂಡು ಹೋಗು," ಎಂದಳು.

ಸಮಿತಿ ಕಚೇರಿಯಲ್ಲಿ ನೀನು ಯಾರ ಕಡೆಯವಳು ಎಂದು ಯಾರೂ ಕೇಳಲಿಲ್ಲ. ಅರ್ಜಿ ಬರೆಸಿಕೊಂಡರು. ಲಾಯರ್ ಶಾಂತಕುಮಾರಿಯವರನ್ನು ಗೊತ್ತು ಮಾಡಿಕೊಟ್ಟರು. ಒಂದು ರೂಪಾಯಿಯನ್ನೂ ತೆಗೆದುಕೊಳ್ಳಲಿಲ್ಲ.

"ಹತ್ತು ದಿನ ತಡ ಆಗಿದೆಯಲ್ಲಮ್ಮ. ಯಾಕೆ ಅಂತ ಜಡ್ಜ್ ಕೇಳ್ತಾರೆ. ಏನು ಹೇಳ್ಲಿ?" ಎಂದರು ಲಾಯರು.

"ನಂಬ್ಲಿಲ್ಲ ಅಂತ ಹೇಳಮ್ಮ," ಎಂದಳು ಮುನಿಗಂಗಮ್ಮ. ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಆ ತಡವನ್ನು ಕೋರ್ಟು ಮನ್ನಿಸುತ್ತದೋ ಇಲ್ಲವೋ, ಇನ್ನೂ ಗೊತ್ತಿಲ್ಲ. ಹುಳುಗಳನ್ನು ತಿಪ್ಪೆಗೆ ಹಾಕಿದ್ದಾಯಿತು. ಮುನಿಗಂಗಮ್ಮ ಈಗ ಪಕ್ಕದ ತೋಟಗಳಲ್ಲಿ ಕೂಲಿಗೆ ಸೊಪ್ಪು ಕೊಯ್ಯುತ್ತಾಳೆ. ಆದರೂ ವಾಯಿದೆಯ ದಿನ ಮಾತ್ರ ತಾಯಿ ಮಗಳು ಮೊದಲನೇ ಬಸ್ಸಿಗೇ ಹೊರಟು ನಿಂತಿರುತ್ತಾರೆ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಬಾಗಿಲಿಗೆ ಕೋರ್ಟಿನ ಕಾಗದ ಬಂದರೆ ಕೀಳಬೇಡಿ, ಓದಬಲ್ಲವರಿಂದ ಅವತ್ತೇ ಓದಿಸಿ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ, ಕಡಿಮೆ ವರಮಾನದವರಿಗೆ ಕಾನೂನು ಸೇವಾ ಸಮಿತಿ ಪುಕ್ಕಟೆ ಲಾಯರು ಕೊಡುತ್ತದೆ. ಮೆಂಬರು ಯಾರ ಕಡೆಯವರೋ ಎಂಬ ಅನುಮಾನವಿದ್ದರೆ ಇಟ್ಟುಕೊಂಡೇ ಹೋಗಿ, ಆದರೆ ಹೋಗಿ. ಎದುರು ಮನೆಯವರು ಬರುವುದಿಲ್ಲ ಎಂದರೆ ನನ್ನ ಹಾಗೆ ಮುನಿಸಿಕೊಂಡು ವಾಪಸ್ಸು ಬರಬೇಡಿ. ಕೈ ಹಿಡಿದು ಬಸ್ಸು ಹತ್ತಿಸಿ.