ತಣ್ಣೀರಲ್ಲಿ ನೆನೆಸಿದ ಬಟ್ಟೆ

"ಏನೇ ಮುಂಡೆ, ಸೊಂಟ ಮುರ್ಕೊಂಡೋಳ ಥರ ನಡೀತೀಯ? ನಿನ್ನೇನು ಹೊತ್ಕೊಂಡು ಹೋಗ್ಬೇಕಾ?"

ಮೇಸ್ತ್ರಿ ಬೈದದ್ದು ನನ್ನ ಓರಗಿತ್ತಿಗೆ. ಬೈಯುತ್ತಲೇ ಕೈಯಲ್ಲಿದ್ದ ಕೋಲಿನಿಂದ ಅವಳ ಮೀನಖಂಡಕ್ಕೆ ಬಾರಿಸಿದ. ಕುದಿಯುವ ತೊಟ್ಟಿಯಿಂದ ಬಟ್ಟೆ ಎತ್ತುವ ಕೋಲು ಅದು, ತುದಿಗೆ ಕಬ್ಬಿಣದ ಕೊಕ್ಕೆ. ಅವಳು ರಕ್ತ ಮೆತ್ತಿದ ಹಾಸಿಗೆ ಬಟ್ಟೆಗಳ ಗಂಟನ್ನು ತಬ್ಬಿಕೊಂಡು ಕುಂಟುತ್ತ ಹೋದಳು.

ನಾನು ಇಸ್ತ್ರಿ ಹಾಕುವವಳು. ಈ ದೊಡ್ಡಾಸ್ಪತ್ರೆಯ ನೆಲಮಾಳಿಗೆಯ ದೋಬಿಖಾನೆಯ ಹಬೆಯಲ್ಲಿ ಹನ್ನೆರಡು ವರ್ಷದಿಂದ ಬೇಯುತ್ತಿದ್ದೇನೆ. ಓರಗಿತ್ತಿಯನ್ನು ಇಲ್ಲಿಗೆ ಕರೆತಂದವಳೂ ನಾನೇ. ಮನೆಯಲ್ಲಿ ಅವಳ ಬಾಯಿಗೆ ಬೀಗವಿಲ್ಲ. ನನ್ನ ಮೈದುನನ ಗೊರಕೆಯನ್ನು ಅಣಕಿಸಿ ಸಿಡುಕುಮೂತಿಯ ಅತ್ತೆಯನ್ನೂ ನಗಿಸುತ್ತಾಳೆ. ಅಂಥವಳು ಎರಡು ದಿನದಿಂದ ತುಟಿಪಿಟಕ್ಕೆನ್ನುತ್ತಿರಲಿಲ್ಲ. ತುಟಿ ಒಡೆದಿತ್ತು, ಬಾಗಿಲು ಬಡಿಯಿತು ಅಂದಿದ್ದಳು. ನಂಬಿದ್ದೆ. ನನ್ನಂಥ ಕತ್ತೆ ಇನ್ನೊಬ್ಬಳಿಲ್ಲ.

ಆ ಬುಧವಾರ ಬೆಳಿಗ್ಗೆ ಅವಳ ಹಿಂದೆಯೇ ಕೊಳೆಬಟ್ಟೆ ಗಂಟುಗಳ ಕೋಣೆಗೆ ನುಗ್ಗಿ ಬಾಗಿಲು ಹಾಕಿದೆ.

"ಏನಾಯ್ತೇ?"

"ಏನಿಲ್ಲ ಅಕ್ಕ."

"ನನ್ನ ಹತ್ರ ಆಟ ಬೇಡ. ಬೊಗಳು."

ಅವಳು ಮೂಲೆಯ ಕಡೆ ಕೈ ತೋರಿಸಿದಳು. "ಅಲ್ಲೇ. ಸೋಮವಾರ ಮಧ್ಯಾಹ್ನ ಒಂದು ಗಂಟೆಗೆ. ನೀವೆಲ್ಲ ಊಟಕ್ಕೆ ಹೋಗಿದ್ರಲ್ಲ. ಮೇಸ್ತ್ರಿ ಬಾಯಿಗೆ ದಿಂಬಿನ ಚೀಲ ತುರುಕಿದ. ಕೊಕ್ಕೆ ಕುತ್ತಿಗೆಗೆ ಒತ್ತಿದ್ದ ಅಕ್ಕ. ಎದ್ದು ಹೋಗ್ವಾಗ ನಕ್ಕ. ನನ್ನಿಂದ ನಿಂಗೇನು ಅಂಟ್ಕೊಳ್ಳುತ್ತೋ ನೀನೇ ನೋಡ್ಕೋ ಅಂದ."

ಅವನನ್ನು ಅಲ್ಲೇ ಸಿಗಿದು ಹಾಕಬೇಕು ಅನ್ನಿಸಿತು. ಆದರೆ ಆ ಕೊನೆಯ ಮಾತು ತಲೆಯಲ್ಲಿ ಕೊರೆಯತೊಡಗಿತು. ತುರ್ತು ಚಿಕಿತ್ಸೆಯ ನರ್ಸಮ್ಮನಿಗೆ ಹೋದ ವರ್ಷ ರೋಗಿಯೊಬ್ಬನ ಸೂಜಿ ಚುಚ್ಚಿತ್ತು. ಎಚ್‌ಐವಿ ಅಂಟದ ಹಾಗೆ ಆಕೆ ಅವತ್ತೇ ಮಾತ್ರೆ ಶುರು ಮಾಡಿದ್ದಳು. ಓರಗಿತ್ತಿಯನ್ನು ಎಳೆದುಕೊಂಡು ಮೇಲೆ ಓಡಿದೆ.

ನರ್ಸಮ್ಮ ಬೆರಳು ಮಡಿಸಿ ಲೆಕ್ಕ ಹಾಕಿದಳು. "ನಲವತ್ತೈದು ಗಂಟೆ ಆಗೋಯ್ತು. ಎಪ್ಪತ್ತೆರಡು ಗಂಟೆಯೊಳಗೆ ಮೊದಲನೇ ಮಾತ್ರೆ ಹೊಟ್ಟೆಗೆ ಬೀಳ್ಬೇಕು. ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು. ಆಮೇಲೆ ದಿನಕ್ಕೊಂದು, ಇಪ್ಪತ್ತೆಂಟು ದಿನ. ಒಂದಿನಾನೂ ತಪ್ಪಿಸೋ ಹಾಗಿಲ್ಲ."

"ಅವನಿಗೆ ಕಾಯಿಲೆ ಇದ್ಯಾ?" ಓರಗಿತ್ತಿ ಕೇಳಿದಳು.

"ಗೊತ್ತಿಲ್ಲ ಕಣಮ್ಮ. ಯಾರ ಮುಖದ ಮೇಲೂ ಬರ್ದಿರಲ್ಲ. ಗೊತ್ತಾಗ್ಲಿ ಅಂತ ಕಾಯೋ ಹೊತ್ತಲ್ಲ ಇದು."

ಮಾತ್ರೆಯ ಬೀರು ಅಲ್ಲೇ ಗೋಡೆಯಲ್ಲಿತ್ತು, ಗಾಜಿನ ಬಾಗಿಲು. ಬೀಗದ ಕೈ ಡಾಕ್ಟರ ಜೇಬಿನಲ್ಲಿ.

ಡಾಕ್ಟರು ತಲೆಯೆತ್ತಿ ಅವಳನ್ನು ಅಡಿಯಿಂದ ಮುಡಿಯವರೆಗೂ ನೋಡಿದರು. "ಗಂಡ ಇದಾನಾ? ಅವನನ್ನ ಬಿಟ್ಟು ಇನ್ನೆಷ್ಟು ಜನ?" ಹೊರಗೆ ಸಾಲಿನಲ್ಲಿದ್ದವರಿಗೂ ಕೇಳಿಸಿತು.

"ಕೆಡಿಸಿದ್ದಾನೆ ಸಾರ್," ನಾನಂದೆ. "ನಿಮ್ಮ ಮೇಸ್ತ್ರೀನೇ."

"ಹಾಗಂತ ನೀನು ಹೇಳಿದ್ರೆ ಆಯ್ತಾ? ಪೊಲೀಸ್ ಕಾಗದ ತಗೊಂಡ್ಬಾ. ಮಾಡೋದೆಲ್ಲ ಮಾಡ್ಕೊಂಡು ಇಲ್ಲಿ ಮಾತ್ರೆಗೆ ಬರ್ತೀರ."

"ಸಾರ್, ಕಾಗದಕ್ಕೆ ಕಾಯೋ ಹಾಗಿಲ್ಲ, ಮೊದ್ಲು ಮಾತ್ರೆ ಕೊಡ್ಬೇಕು," ನರ್ಸಮ್ಮ ಮೆಲ್ಲಗೆ ಅಂದಳು.

"ನಿನ್ನ ಕೆಲಸ ನೀನು ನೋಡ್ಕೋ."

ಠಾಣೆಯಲ್ಲಿ ಸಂಜೆ ನಾಲ್ಕರವರೆಗೂ ನಿಲ್ಲಿಸಿದರು. ಬೆಂಚು ಖಾಲಿ ಇತ್ತು, ಕೂರಬೇಡಿ ಅಂದರು. ಕೊನೆಗೆ ಮೀಸೆಯ ಪೇದೆ ಕರೆದ. ಮೇಸ್ತ್ರಿಯ ಫೋನು ಅಷ್ಟರಲ್ಲೇ ಬಂದಾಗಿತ್ತು ಅಂತ ಅವನ ನಗುವಿನಲ್ಲೇ ತಿಳಿಯುತ್ತಿತ್ತು.

"ಅವತ್ತು ಹಾಕ್ಕೊಂಡಿದ್ದ ಬಟ್ಟೆ ಎಲ್ಲಿ?"

"ಒಗ್ದೆ," ಅಂದಳು ಓರಗಿತ್ತಿ.

"ಒಗ್ದ್ಯಾ?"

"ರಕ್ತ ಆಗಿತ್ತು. ತಣ್ಣೀರಲ್ಲಿ ನೆನೆಸ್ದೆ. ಆಮೇಲೆ ಬಿಸಿನೀರು, ಬ್ಲೀಚು."

ಪೇದೆ ಹಿಂದಕ್ಕೆ ವಾಲಿ ಬಿದ್ದು ಬಿದ್ದು ನಕ್ಕ. "ಕೇಳಿದ್ರೇನ್ರೋ? ಸಾಕ್ಷೀನ ಬ್ಲೀಚು ಹಾಕಿ ಒಗ್ದಿದ್ದಾಳೆ. ಇಸ್ತ್ರಿ ಹಾಕ್ಲಿಲ್ವಾ?"

ಹಾಕಿದ್ದೆ. ನಾನೇ ಹಾಕಿದ್ದೆ. ಸೋಮವಾರ ಸಂಜೆ ಅವಳ ನೀಲಿ ಅಂಗಿ, ಲಂಗ ನನ್ನ ಮೇಜಿಗೆ ಬಂದಾಗ ಇವತ್ಯಾಕೆ ಇವಳದ್ದು ಅಂತಲೂ ಕೇಳದೆ ಒತ್ತಿ, ಮಡಿಸಿ ಕೊಟ್ಟಿದ್ದೆ. ರಕ್ತದ ಬಟ್ಟೆ ಬಂದರೆ ಮೊದಲು ತಣ್ಣೀರಿಗೆ, ಬಿಸಿನೀರಿಗೆ ಹಾಕಿದರೆ ಕಲೆ ಕೂರುತ್ತದೆ. ಸೇರಿದ ದಿನವೇ ನಾನು ಅವಳಿಗೆ ಕಲಿಸಿದ ಪಾಠ. ಮೈಯೆಲ್ಲ ನಡುಗುತ್ತಿದ್ದಾಗಲೂ ಅವಳ ಕೈ ಆ ಪಾಠ ಮರೆಯಲಿಲ್ಲ. ನನ್ನ ಕೈಗಳನ್ನು ಕಡಿದು ಹಾಕಬೇಕು ಅನ್ನಿಸಿತು.

"ಬರ್ಕೊಳ್ಳಿ ಸ್ವಾಮಿ. ನಾಳೆ ಮಧ್ಯಾಹ್ನ ಒಂದು ಗಂಟೆ ಆದ್ರೆ ಮಾತ್ರೆ ಕೆಲಸಕ್ಕೆ ಬರಲ್ಲ."

ಪೇದೆ ನನ್ನ ಕೆನ್ನೆಗೆ ಬಿಟ್ಟ. ಕಿವಿ ಗುಂಯ್ ಅಂದಿತು. "ನಂಗೆ ಗಂಟೆ ಹೇಳಿಕೊಡ್ತೀಯೇನೇ ಬೋಳಿ?"

ಮಾರನೆಯ ದಿನ ಬೆಳಿಗ್ಗೆ ಡಾಕ್ಟರ ಕಾಲಾದರೂ ಹಿಡಿಯೋಣ ಅಂತ ಹೊರಟೆವು. ಮೇಲಕ್ಕೆ ಹೋಗುವ ದಾರಿ ತೊಟ್ಟಿಗಳ ಪಕ್ಕದ್ದೇ. ಮೇಸ್ತ್ರಿ ಮೆಟ್ಟಿಲಿಗೆ ಅಡ್ಡ ನಿಂತಿದ್ದ.

"ಪೊಲೀಸಿಗೆ ಹೋಗಿದ್ರಂತೆ. ಹಾದರಗಿತ್ತೀರಾ." ಓರಗಿತ್ತಿಯ ತುರುಬಿಗೆ ಕೈ ಹಾಕಿ ದರದರ ಎಳೆದ. ಕುದಿಯುವ ತೊಟ್ಟಿಯ ಅಂಚಿಗೆ ಅವಳ ಮುಖ ಬಗ್ಗಿಸಿದ. "ಹೇಳು. ಯಾರು ಏನು ಮಾಡಿದ್ರು ನಿಂಗೆ? ಹೇಳೇ ಸೂಳೆ."

ಹಬೆ ಅವಳ ಮುಖಕ್ಕೆ ಬಡಿಯುತ್ತಿತ್ತು. ರೆಪ್ಪೆ ಕೆಂಪಾಯಿತು. ಹತ್ತು ಹೆಂಗಸರು ಕೈಯಲ್ಲಿ ಬಟ್ಟೆ ಹಿಡಿದು ನಿಂತಿದ್ದರು. ನನ್ನ ಮೇಜಿನ ಮೇಲೆ ಇಸ್ತ್ರಿ ಪೆಟ್ಟಿಗೆ ಕಾದಿತ್ತು. ಯೋಚನೆ ಮಾಡಿದೆ ಅಂದರೆ ಸುಳ್ಳಾಗುತ್ತದೆ. ಅದನ್ನು ಕಿತ್ತು ತಂದು ತುರುಬು ಹಿಡಿದ ಆ ಕೈಯ ಮೇಲೆ ಇಟ್ಟು ಒತ್ತಿದೆ. ಚರ್ಮ ಚುರ್ ಎಂದಿತು. ಅವನ ಅರಚಾಟ ನೆಲಮಾಳಿಗೆಯ ತುಂಬ ತುಂಬಿತು. ಕೇಳಿ ಸುಖವಾಯಿತು, ಯಾಕೆ ಮುಚ್ಚಿಡಲಿ.

"ಓಡ್ರೇ," ಅಂದಳು ತೊಟ್ಟಿಯಲ್ಲಿ ಬಟ್ಟೆ ಬೇಯಿಸುವ ಅಜ್ಜಿ. ಅವಳೂ ನಮ್ಮ ಜೊತೆ ಓಡಿ ಬಂದಳು.

ಮೇಲೆ, ತುರ್ತು ಚಿಕಿತ್ಸೆಯ ಗೋಡೆಯ ಗಡಿಯಾರದಲ್ಲಿ ಹತ್ತೂವರೆ. ಡಾಕ್ಟರ ಕುರ್ಚಿ ಖಾಲಿ. ಹನ್ನೆರಡರ ಮೇಲೆ ಬರುತ್ತಾರಂತೆ. ಇಸ್ತ್ರಿ ಪೆಟ್ಟಿಗೆ ಇನ್ನೂ ನನ್ನ ಕೈಯಲ್ಲೇ ಇತ್ತು. ಬೀರುವಿನ ಗಾಜಿಗೆ ಬೀಸಿದೆ. ಒಂದೇ ಏಟಿಗೆ ಪುಡಿಪುಡಿಯಾಯಿತು. ನರ್ಸಮ್ಮ ಕೂಗಲಿಲ್ಲ. ಹತ್ತಿರ ಬಂದು ಬೆರಳು ಚಾಚಿದಳು. "ಆ ಬಿಳೀ ಡಬ್ಬಿ. ಒಂದು ಈಗಲೇ ಕೊಡು."

ಓರಗಿತ್ತಿ ನೀರಿಲ್ಲದೆ ನುಂಗಿದಳು. ಗಂಟಲಲ್ಲಿ ಸಿಕ್ಕಿಕೊಂಡಿತು, ಎದೆ ಗುದ್ದಿಕೊಂಡು ಇಳಿಸಿದಳು. ಅಷ್ಟರಲ್ಲಿ ಕಾವಲಿನವರು ಲಾಠಿ ಬೀಸುತ್ತ ಬಂದರು. ನನ್ನ ಹುಬ್ಬು ಹರಿಯಿತು. ಅಜ್ಜಿಯ ಮುಂಗೈ ಮುರಿದ ಸದ್ದು ನನಗೇ ಕೇಳಿಸಿತು. ಓರಗಿತ್ತಿ ಡಬ್ಬಿಯನ್ನು ಹೊಟ್ಟೆಗೆ ಅವುಚಿಕೊಂಡು ಮುದುಡಿ ಬಿದ್ದಿದ್ದಳು. ಬೆನ್ನಿನ ಮೇಲೆ ಏಟು ಬೀಳುತ್ತಲೇ ಇತ್ತು.

ನಮ್ಮ ಮೂವರನ್ನೂ ಎಳೆದೊಯ್ದ ಠಾಣೆಯಲ್ಲಿ ಈ ಸಲ ಕಾಯಿಸಲಿಲ್ಲ. ಮೀಸೆಯ ಪೇದೆ ಐದು ನಿಮಿಷದಲ್ಲಿ ಎರಡು ಹಾಳೆ ತುಂಬಿಸಿದ. ಕಳ್ಳತನ, ಹಲ್ಲೆ, ಆಸ್ಪತ್ರೆ ಆಸ್ತಿ ನಾಶ. ಡಬ್ಬಿ ಕಸಿದು ಮಾತ್ರೆ ಎಣಿಸಿದ. ಇಪ್ಪತ್ತೊಂಬತ್ತು. ಸಾಕ್ಷಿ ಅಂತ ಬಿಳಿ ಬಟ್ಟೆಯಲ್ಲಿ ಸುತ್ತಿ ದಾರ ಕಟ್ಟಿ, ಮೊಹರು ಒತ್ತಲು ಮೇಣದ ಬತ್ತಿಗೆ ಅರಗಿನ ಕಡ್ಡಿ ಹಿಡಿದ.

ಓರಗಿತ್ತಿ ಎದ್ದು ಬಂದು ಗಂಟಿನ ಮೇಲೆ ಅಂಗೈ ಮುಚ್ಚಿದಳು.

"ಕೈ ತೆಗಿ."

"ನಾಳೆ ಹತ್ತೂವರೆಗೆ ಎರಡನೇದು ನುಂಗ್ಬೇಕು. ಜೈಲಿಗೆ ಹಾಕು, ಎಲ್ಲಿಗಾದ್ರೂ ಹಾಕು. ಇದನ್ನ ಮುಚ್ಚೋಕೆ ಬಿಡಲ್ಲ."

"ತೆಗೀತೀಯೋ ಇಲ್ವೋ?"

ತೆಗೆಯಲಿಲ್ಲ. ಕೆಂಪನೆಯ ಅರಗು ಅವಳ ಮುಂಗೈ ಮೇಲೆ ತೊಟ್ಟಿಕ್ಕಿತು. ಎರಡನೆಯ ಹನಿ. ಮೂರನೆಯದು. ಚರ್ಮ ಬೊಬ್ಬೆಯೆದ್ದಿತು, ಅವಳು ಅವನ ಮುಖದಿಂದ ಕಣ್ಣು ಕೀಳಲಿಲ್ಲ. ನಾನು ಹೋಗಿ ಅವಳ ಕೈಯ ಮೇಲೆ ನನ್ನ ಕೈಯಿಟ್ಟೆ. ಅಜ್ಜಿ ಮುರಿಯದೆ ಉಳಿದ ಕೈಯನ್ನು ತಂದು ನನ್ನದರ ಮೇಲಿಟ್ಟಳು. ಪೇದೆ ನಮ್ಮ ಮೂವರನ್ನೂ ನೋಡಿದ, ಆಮೇಲೆ ಅರಗಿನ ಕಡ್ಡಿಯನ್ನು ಮತ್ತೆ ಬೆಂಕಿಗೆ ಹಿಡಿದ.