ಒಂದು ನಿಮಿಷ ಕಾಯುವ ಕಿಟಕಿ

ಎದುರಿಗೆ ನಿಂತು ಬಾಯಿಬಿಟ್ಟು ಕೇಳುವುದು ಗುಬ್ಬಿಗೆ ಯಾವತ್ತೂ ಬರಲಿಲ್ಲ. ಗುಬ್ಬಿ ಎನ್ನುವುದು ಮನೆಯವರು ಇಟ್ಟ ಅಡ್ಡಹೆಸರು. ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅವಳು ಈ ಕಷ್ಟಕ್ಕೊಂದು ದಾರಿ ಕಂಡುಕೊಂಡಿದ್ದಳು. ಕಂಪ್ಯೂಟರಿಗೆ ನಾಲ್ಕು ಸಾಲಿನ ಆಜ್ಞೆ, ಶೆಲ್ ಸ್ಕ್ರಿಪ್ಟ್ ಅನ್ನುತ್ತಾರಲ್ಲ ಅದು, ಬರೆದಿಟ್ಟರೆ ಸಾಕು, ಎದುರಿನವರ ಪರದೆಯ ನಡುವೆ ಪುಟ್ಟ ಕಿಟಕಿಯೊಂದು ತೆರೆದುಕೊಂಡು ಅವಳ ಬದಲಿಗೆ ಅದೇ ಕೇಳುತ್ತಿತ್ತು: ‘ಹಳೆಯ ಫೈಲುಗಳನ್ನು ಅಳಿಸಲೇ?’ ಕೆಳಗೆ ಎರಡು ಗುಂಡಿ. ಹೌದು, ಬೇಡ.

“ನಿನ್ನ ಬಾಯಿಗಿಂತ ನಿನ್ನ ಕಿಟಕಿಗಳೇ ವಾಚಾಳಿ ಕಣೇ,” ಎಂದು ಲ್ಯಾಬಿನ ಮೇಲ್ವಿಚಾರಕಿ ಕಾಲೆಳೆಯುತ್ತಿದ್ದರು. “ನಾಳೆ ಯಾರಾದ್ರೂ ಬಂದು ನಿನ್ನ ಪ್ರೀತಿಸ್ತೀನಿ ಅಂದ್ರೆ ಅವನ ಮುಂದೆಯೂ ಎರಡು ಗುಂಡಿ ಇಟ್ಟು ಓಡಿಹೋಗ್ತೀಯೇನೋ!”

ಲ್ಯಾಬಿನ ಕಟ್ಟುನಿಟ್ಟನ್ನು ಕಲಿಸಿದವರೂ ಅವರೇ. ಒಂದು ನಿಮಿಷದೊಳಗೆ ಯಾರೂ ಉತ್ತರ ಕೊಡದಿದ್ದರೆ ಕಿಟಕಿ ತಾನಾಗಿ ಮುಚ್ಚಿಕೊಳ್ಳಬೇಕು, ಅದನ್ನು ‘ಬೇಡ’ ಎಂದೇ ಎಣಿಸಬೇಕು. ಯಾರೋ ಚಹಾ ಕುಡಿಯಲು ಎದ್ದುಹೋದ ಹೊತ್ತಿನಲ್ಲಿ ಅವರ ವರ್ಷದ ದುಡಿಮೆ ಅಳಿಸಿಹೋಗಬಾರದಲ್ಲ. ಗುಬ್ಬಿಗೆ ಈ ನಿಯಮ ಎಷ್ಟು ರೂಢಿಯಾಗಿತ್ತೆಂದರೆ, ಮನಸ್ಸು ಬೇರೆಲ್ಲೋ ಇದ್ದರೂ ಬೆರಳುಗಳು ಆ ಸಾಲನ್ನು ಬರೆದು ಮುಗಿಸಿರುತ್ತಿದ್ದವು.

ಅಪ್ಪನಿಗೆ ಲಕ್ವ ಹೊಡೆದು ಬಲಗೈಯೂ ಮಾತೂ ಒಟ್ಟಿಗೆ ಹೋದಾಗ, ಅವಳು ಮನೆಗೂ ಕಿಟಕಿಗಳನ್ನು ತಂದಳು. ಅಪ್ಪ ದರ್ಜಿ. ಅವನ ಇಸ್ತ್ರಿ ಮೇಜನ್ನೇ ಮಂಚದ ಪಕ್ಕಕ್ಕೆಳೆದು, ಅದರ ಮೇಲೆ ಹಳೆಯ ಲ್ಯಾಪ್‌ಟಾಪ್ ಇಟ್ಟು, ಎಡಗೈಗೆ ಮೌಸ್ ಕೊಟ್ಟಳು. ಆಗಾಗ ಕಿಟಕಿ ತೆರೆಯುತ್ತಿತ್ತು. ‘ನೀರು ಬೇಕಾ?’ ‘ಮಗ್ಗುಲು ತಿರುಗಿಸಬೇಕಾ?’ ಅಪ್ಪ ಒತ್ತಿದ್ದು ಅಮ್ಮನ ಫೋನಿಗೂ ಅವಳ ಫೋನಿಗೂ ಬರುತ್ತಿತ್ತು.

“ಮೂವತ್ತು ವರ್ಷ ಸಂಸಾರ ಮಾಡಿದ್ರೂ ಇವರ ಮನಸ್ಸಲ್ಲಿ ಏನಿದೆ ಅಂತ ನಂಗೆ ತಿಳೀಲಿಲ್ಲ,” ಅಮ್ಮ ನಗುತ್ತಲೇ ಕಣ್ಣೊರೆಸಿಕೊಂಡಿದ್ದಳು. “ಈಗ ನೋಡು, ಟಿಣ್ ಅಂತ ಫೋನಿಗೇ ಬರತ್ತೆ.”

ಆದರೆ ಮನೆಯಲ್ಲಿ ಯಾರೂ ಕೇಳದೆ ಉಳಿದ ಪ್ರಶ್ನೆಯೊಂದಿತ್ತು, ಅಣ್ಣನದು. ಅವನೂ ಅಪ್ಪನ ಕೈಕೆಳಗೇ ಕತ್ತರಿ ಹಿಡಿದವನು. ಎರಡು ವರ್ಷದ ಹಿಂದೆ ಹೊಲಿಗೆ ಬಿಟ್ಟು, ನಾಲ್ಕು ಬೀದಿ ಆಚೆ ಸಿದ್ಧ ಉಡುಪಿನ ಅಂಗಡಿ ತೆರೆದ. “ಕಾರ್ಖಾನೆ ಬಟ್ಟೆ ಮಾರೋನಿಗೆ ಹೊಲಿಯೋನ ಮನೇಲೇನು ಕೆಲಸ? ನಾನಾಗಿ ಕರೆಯೋವರೆಗೂ ಈ ಹೊಸ್ತಿಲು ತುಳೀಬೇಡ,” ಎಂದುಬಿಟ್ಟ ಅಪ್ಪ. ಅಣ್ಣನೂ ಅಂದೇ ಹೊರಟವನು ತಿರುಗಿ ನೋಡಲಿಲ್ಲ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ವಾರ್ಡಿನ ಬಾಗಿಲಾಚೆ ನಿಂತು ಹೋಗಿದ್ದನಂತೆ. ಮನೆಗೆ ಬಾ ಎಂದರೆ ಒಂದೇ ಮಾತು: “ಕರೀಲಿ, ಬರ್ತೀನಿ.”

“ಅವರಿಗೆ ಬಾಯೇ ಬಿದ್ದುಹೋಗಿದೆ, ಹೆಂಗೆ ಕರೀತಾರೋ ಮಾರಾಯ!” ಎಂದು ಅಮ್ಮ ಫೋನಿನಲ್ಲಿ ಕೂಗಾಡಿದ್ದಳು. ಫೋನಿಟ್ಟ ಮೇಲೆ, “ಅಪ್ಪನಂತೆ ಮಗ. ಇಬ್ಬರಿಗೂ ದೇವರು ತಲೆ ಇಡೋ ಜಾಗದಲ್ಲಿ ಇಸ್ತ್ರಿಪೆಟ್ಟಿಗೆ ಇಟ್ಟಿದ್ದಾನೆ.”

ಗುಬ್ಬಿ ಅಪ್ಪನ ಮುಖ ನೋಡಿ ಕೇಳಲಾರಳು. ಅವನು ಗೋಡೆಯ ಕಡೆ ತಿರುಗಿಬಿಟ್ಟರೆ? ಅದಕ್ಕೇ ತಾನು ಲ್ಯಾಬಿನಲ್ಲಿರುವ ಮಧ್ಯಾಹ್ನದ ಹೊತ್ತಿಗೆ ತೆರೆಯುವಂತೆ ಒಂದು ಕಿಟಕಿ ಬರೆದಿಟ್ಟಳು. ‘ಅಣ್ಣನನ್ನು ಕರೆಯಲಾ?’ ಗುಂಡಿಗಳ ಮೇಲೆ ‘ಕರಿ’, ‘ಬೇಡ’.

ಆ ಮಧ್ಯಾಹ್ನ ಫೋನು ಟಿಣ್ ಎಂದಿತು. ಬೇಡ.

ಅಣ್ಣನಿಗೆ ಹೇಳಿದಾಗ ಅವನು ನಕ್ಕ. ಬೇಕೆಂದೇ ತಂದುಕೊಂಡ ನಗು ಅದು. “ಗೊತ್ತಿತ್ತು ಬಿಡು ಗುಬ್ಬಿ. ಆ ಮನುಷ್ಯ ಒಮ್ಮೆ ಕತ್ತರಿಸಿದ್ದನ್ನ ಮತ್ತೆ ಸೇರಿಸಿದವರಲ್ಲ.”

ಮುಂದಿನ ವಾರ ಅಪ್ಪನಿಗೆ ಜ್ವರ ಬಂತು. ರಜೆ ಹಾಕಿ ಮನೆಯಲ್ಲಿದ್ದ ಗುಬ್ಬಿಗೆ ಅಮ್ಮ ಅಡುಗೆಮನೆಯಿಂದಲೇ ಗೊಣಗುವುದು ಕೇಳಿಸಿತು. “ತುಟಿ ಒಣಗಿ ಸಿಪ್ಪೆ ಏಳ್ತಿದೆ. ಕೇಳಿದಾಗೆಲ್ಲ ನೀರು ಬೇಡ, ನೀರು ಬೇಡ. ಯಾರ ಮೇಲೆ ಹಟ?”

ಗುಬ್ಬಿ ಕೋಣೆಯ ಬಾಗಿಲಲ್ಲೇ ನಿಂತಳು. ಪರದೆಯಲ್ಲಿ ನೀರಿನ ಕಿಟಕಿ ಆಗತಾನೇ ತೆರೆದಿತ್ತು. ಅಪ್ಪ ಅದನ್ನು ನೋಡಿದ. ಎಡಗೈ ಹೊದಿಕೆಯಿಂದ ಹೊರಬರುವುದಕ್ಕೇ ಎಷ್ಟೋ ಹೊತ್ತು ಹಿಡಿಯಿತು. ಮೇಜಿನ ಅಂಚು ಹತ್ತಿತು, ನಿಂತಿತು, ದಣಿವಾರಿಸಿಕೊಂಡು ಮತ್ತೆ ಹೊರಟಿತು. ಬಾಣದ ಗುರುತು ನಡುಗುತ್ತ ‘ಹೌದು’ ಗುಂಡಿಯ ಕಡೆ ಸಾಗಿತು. ಇನ್ನೇನು ತಲುಪಬೇಕು, ಕಿಟಕಿ ಮುಚ್ಚಿಕೊಂಡಿತು. ಅವಳ ಕೈಯಲ್ಲಿದ್ದ ಫೋನು ಟಿಣ್ ಎಂದಿತು: ನೀರು ಬೇಡ.

ಅಪ್ಪ ಖಾಲಿ ಪರದೆಯನ್ನು ನೋಡುತ್ತಲೇ ಇದ್ದ. ಕೋಪವಿರಲಿಲ್ಲ. ಹೀಗಾಗುವುದು ಅವನಿಗೆ ಹೊಸದಾಗಿರಲಿಲ್ಲ.

ಗುಬ್ಬಿ ಲೋಟ ತಂದು ತುಟಿಗೆ ಹಿಡಿದಳು. ಅಪ್ಪ ಒಂದೇ ಉಸಿರಿಗೆ ಎಂಬಂತೆ ಕುಡಿದ.

ಆಮೇಲೆ ಅಲ್ಲೇ ನೆಲದ ಮೇಲೆ ಕೂತು ತಾನೇ ಬರೆದ ಸಾಲುಗಳನ್ನು ತೆರೆದಳು. ಮುಚ್ಚುವಾಗ ಕಿಟಕಿ ಒಂದು ಅಂಕಿ ಬಿಟ್ಟುಹೋಗುತ್ತದೆ. ಹೌದು ಒತ್ತಿದ್ದರೆ ಸೊನ್ನೆ, ಬೇಡ ಒತ್ತಿದ್ದರೆ ಒಂದು, ಹೊತ್ತು ಮೀರಿ ತಾನಾಗಿ ಮುಚ್ಚಿದ್ದರೆ ಐದು. ಅವಳು ಬರೆದದ್ದು ಲ್ಯಾಬಿನ ರೂಢಿಯಂತೆ: ಸೊನ್ನೆ ಅಲ್ಲದ್ದೆಲ್ಲ ಬೇಡ. ಒಂದೂ ಐದೂ ಒಂದೇ ಬುಟ್ಟಿಗೆ. ಅಣ್ಣನ ಕಿಟಕಿ ಅಂದು ಬಿಟ್ಟುಹೋದ ಅಂಕಿ ಯಾವುದೆಂದು ಈಗ ತಿಳಿಯುವ ದಾರಿಯೇ ಇರಲಿಲ್ಲ.

“ಅಮ್ಮಾ, ಅವತ್ತು ಮಧ್ಯಾಹ್ನ ಅಣ್ಣನ ಕಿಟಕಿ ಬಂದಾಗ ಅಪ್ಪ ಒತ್ತಿದ್ದನ್ನ ನೋಡಿದ್ಯಾ?”

“ಒತ್ತೋಕೆ ಕೈ ಚಾಚಿದ್ದು ನೋಡಿದೆ. ಅಷ್ಟರಲ್ಲಿ ಅದು ಹೋಯ್ತು. ಒತ್ತಿದ್ರು ಅಂದ್ಕೊಂಡೆ. ಯಾಕೆ?”

ನಿಮಿಷದ ಸಾಲನ್ನು ಅಳಿಸಿ, ಬೆಳಿಗ್ಗೆ ಜ್ವರ ಇಳಿದ ಮೇಲೆ ತಾನೇ ಎದುರು ಕೂತು ಕೇಳಬೇಕೆಂದುಕೊಂಡಳು. ಬೆಳಿಗ್ಗೆ ಅಪ್ಪನ ಎಡಗೈಯೂ ಮೇಲೇಳಲಿಲ್ಲ. ಬಂದು ನೋಡಿದ ವೈದ್ಯರು ಅಮ್ಮನ ಭುಜದ ಮೇಲೆ ಕೈಯಿಟ್ಟು, “ಬರಬೇಕಾದವರಿದ್ದರೆ ತಿಳಿಸಿ,” ಎಂದರು.

ಗುಬ್ಬಿ ಚಪ್ಪಲಿಯನ್ನೂ ಮೆಟ್ಟದೆ ನಾಲ್ಕು ಬೀದಿ ಓಡಿದಳು. ಅಣ್ಣ ಅಂಗಡಿಯಲ್ಲಿ ಅಂಗಿಗಳನ್ನು ಹ್ಯಾಂಗರಿಗೆ ಹಾಕುತ್ತಿದ್ದ. ಅವಳು ಏದುಸಿರು ಬಿಡುತ್ತ ಎಲ್ಲವನ್ನೂ ಹೇಳಿದಳು. ಹುಟ್ಟಿದಾಗಿನಿಂದ ಅಷ್ಟು ಮಾತನ್ನು ಅವಳು ಒಟ್ಟಿಗೆ ಆಡಿದ್ದಿಲ್ಲ.

“ಹಾಗಾದ್ರೆ...” ಅಣ್ಣನ ಕೈಯಲ್ಲಿದ್ದ ಅಂಗಿ ಜಾರಿತು. “ಕರೆದ್ರಾ?”

ಹೌದು ಎಂದರೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಅಪ್ಪನ ಮಾತನ್ನು ಅಪ್ಪನ ಬದಲು ತಾನು ಹೇಳಿ ಆದ ಅನಾಹುತ ಒಂದೇ ಸಾಕಾಗಿತ್ತು.

“ಗೊತ್ತಿಲ್ಲ ಕಣಣ್ಣ. ಬೇಡ ಅಂದ್ರು ಅಂತ ನಾನು ಹೇಳಿದ್ದು ಮಾತ್ರ ಸುಳ್ಳು. ಅವರಿಗೆ ನಾನು ಹೊತ್ತೇ ಕೊಟ್ಟಿರಲಿಲ್ಲ.”

ಅಣ್ಣ ಅಂಗಡಿಯ ಬಾಗಿಲನ್ನೂ ಎಳೆಯದೆ ಹೊರಟ. ಆದರೆ ಮನೆಯ ಹೊಸ್ತಿಲ ಬಳಿ ಬಂದವನು ಕಾಲಿಗೆ ಮೊಳೆ ಹೊಡೆದ ಹಾಗೆ ನಿಂತುಬಿಟ್ಟ. “ಮೊದಲು ಕೇಳು, ಗುಬ್ಬಿ.”

ಮೂವರೂ ಇಲ್ಲೇ ಇರುವಾಗ ಯಾವ ಫೋನಿಗೂ ಏನೂ ಹೋಗಬೇಕಿರಲಿಲ್ಲ. ಕಿಟಕಿ ತೆರೆಯುವ ಒಂದೇ ಸಾಲನ್ನು ಅವಳು ಕೈಯಾರೆ ಬರೆದಳು. ‘ಅಣ್ಣನನ್ನು ಕರೆಯಲಾ?’ ಅಪ್ಪನ ಬೆರಳುಗಳನ್ನು ಮೌಸಿನ ಮೇಲಿಟ್ಟಳು. “ಅಪ್ಪಾ, ಬೇಕಾದಷ್ಟು ಹೊತ್ತು ತಗೊಳ್ಳಿ,” ಎಂದಳು, ಮುಖ ನೋಡಿಯೇ. ಬೆರಳುಗಳು ಇಟ್ಟಲ್ಲೇ ಇದ್ದವು.

ಅಮ್ಮನಿಗೆ ಸಹಿಸಲಾಗಲಿಲ್ಲ. “ಲೋ, ಹೊಸ್ತಿಲು ಬರೀ ಅವರೊಬ್ಬರದಾ? ನಂದೂ ಹೌದು. ನಾನು ಕರೀತಿದ್ದೀನಿ, ಬಾ ಒಳಗೆ!”

ಅಣ್ಣ ಬಂದು ಮಂಚದ ಪಕ್ಕ ಮೊಣಕಾಲೂರಿ ಕೂತ. ಮಧ್ಯಾಹ್ನ ಒಮ್ಮೆ ಅಪ್ಪ ಕಣ್ಣು ತೆರೆದ. ಆ ನೋಟ ಅಣ್ಣನ ಮುಖದಿಂದ ಇಳಿದು ಅವನ ಅಂಗಿಯ ಕಾಲರಿನ ಮೇಲೆ ನಿಂತಿತು. ಕಾರ್ಖಾನೆಯ ಹೊಲಿಗೆ ಅಲ್ಲಿ ತುಸು ಸುಕ್ಕಾಗಿತ್ತು. ಮಗನನ್ನು ಗುರುತಿಸಿದನೋ, ಹೊಲಿಗೆಯ ತಪ್ಪನ್ನಷ್ಟೇ ಕಂಡನೋ, ಯಾರಿಗೂ ತಿಳಿಯಲಿಲ್ಲ. ಅಣ್ಣ ಕಾಲರನ್ನು ಮುಟ್ಟಿ ನೇರ ಮಾಡಿಕೊಂಡ. ಕಣ್ಣು ಮತ್ತೆ ಮುಚ್ಚಿತು, ಸಂಜೆಯ ಹೊತ್ತಿಗೆ ಉಸಿರೂ ನಿಂತಿತು.

ನೆರೆಯವರು ಬರತೊಡಗಿದಾಗ ಅಮ್ಮ ಒಣಗಿದ ದನಿಯಲ್ಲಿ, “ಜನ ಕೂರೋಕೆ ಜಾಗ ಬೇಕು, ಆ ಮೇಜು ತೆಗೀರಿ,” ಎಂದಳು.

ಪರದೆಯಲ್ಲಿ ಕಿಟಕಿ ಇನ್ನೂ ತೆರೆದೇ ಇತ್ತು.

“ಇದನ್ನ ಮುಚ್ಚಿದ್ರೆ ಏನಂತ ಬರ್ಕೊಳ್ಳತ್ತೆ?” ಅಣ್ಣ ಕೇಳಿದ.

“ಏನೂ ಇಲ್ಲ. ಈ ಸಲ ಬರ್ಕೊಳ್ಳೋ ಸಾಲೇ ಹಾಕಿಲ್ಲ.”

ಅಣ್ಣ ಮೌಸಿನ ಕಡೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. “ಹಾಗಾದ್ರೆ ಇರ್ಲಿ. ಚಾರ್ಜ್ ಮುಗಿಯೋವರೆಗೂ ಇರ್ಲಿ.”

ಇಬ್ಬರೂ ಎರಡು ಕಡೆಯಿಂದ ಇಸ್ತ್ರಿ ಮೇಜನ್ನು ಎತ್ತಿದರು. ಮೇಲಿದ್ದ ಲ್ಯಾಪ್‌ಟಾಪ್ ಅಲುಗದ ಹಾಗೆ, ತುಂಬಿದ ಕೊಡ ಹೊತ್ತವರಂತೆ, ಒಂದೊಂದೇ ಹೆಜ್ಜೆ ಇಡುತ್ತ ಮೂಲೆಗೆ ಒಯ್ದರು.