ಹೂಂಗುಟ್ಟುವವಳು

"ಅಯ್ಯೋ, ಒಂದನ್ನಾದ್ರೂ ನಿಮ್ಮಮ್ಮಂಗೆ ಓದಿ ಹೇಳ್ಬಾರದಿತ್ತಾ?"

ಮಾತು ಜಾರಿದ ಮೇಲೆಯೇ ಇವಳಿಗೆ ಗೊತ್ತಾದದ್ದು, ತಾನು ಅದನ್ನು ಅಜ್ಜಿಯ ಭಾಷೆಯಲ್ಲಿ ಆಡಿಬಿಟ್ಟೆನೆಂದು. ಎಲ್ಲೂ ತಡವರಿಸಿರಲಿಲ್ಲ. ಮೊದಲು ತನ್ನ ಭಾಷೆಯಲ್ಲಿ ಯೋಚಿಸಿ, ಆಮೇಲೆ ಒಂದೊಂದೇ ಪದ ಹುಡುಕಿ ಜೋಡಿಸುವ ಒದ್ದಾಟವೇ ಇರಲಿಲ್ಲ. ಎರಡು ವರ್ಷದಿಂದ ಕಾದಿದ್ದ ಗಳಿಗೆ ಅದು. ಬಾಚಣಿಗೆ ಹಿಡಿದುಕೊಂಡೇ ಹಿರಿಹಿರಿ ಹಿಗ್ಗಿದಳು. ಅಷ್ಟರಲ್ಲಿ ಕನ್ನಡಿಯಲ್ಲಿ ಅಜ್ಜಿಯ ಮುಖ ಕಂಡಿತು.

ಅಂಚೆಯಜ್ಜಿ ಎಂದು ಇವಳೇ ಮನಸ್ಸಿನಲ್ಲಿ ಹೆಸರಿಟ್ಟಿದ್ದಳು. ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಕಾಗದ ವಿಂಗಡಿಸಿದ ಮುದುಕಿ. ಈಗ ಮಂಡಿ ಕೈಕೊಟ್ಟು ಮೂರನೇ ಮಹಡಿಯ ಮನೆಯಲ್ಲಿ ಒಬ್ಬಳೇ ಇದ್ದಳು. ಬೆಳಿಗ್ಗೆ ಬಂದು ಸ್ನಾನ ಮಾಡಿಸಿ, ತಲೆ ಬಾಚಿ, ಮಾತ್ರೆ ಕೊಟ್ಟು, ಮಧ್ಯಾಹ್ನ ಹೊರಡುವುದು ಇವಳ ಕೆಲಸ. ಹೊಸತರಲ್ಲಿ ಏಳಿ, ಕೂತ್ಕೊಳಿ, ಬಿಸಿ, ತಣ್ಣಗೆ ಎಂಬಷ್ಟು ಬಿಟ್ಟರೆ ಇವಳಿಗೆ ಆ ಭಾಷೆ ಬರುತ್ತಿರಲಿಲ್ಲ. ಅಜ್ಜಿ ಏನೇ ಅಂದರೂ "ಹೂಂ" ಅನ್ನುವಳು. ಅಜ್ಜಿ ಕೊನೆಗೆ ಅದನ್ನೇ ಹೆಸರು ಮಾಡಿಬಿಟ್ಟಳು. "ಬಂದ್ಯಾ ಹೂಂ? ಬಾರೇ, ಇವತ್ತಾದ್ರೂ ನನ್ನ ನಾಲ್ಕು ಕೂದಲು ಉಳಿಸು" ಎಂದು ನಗುವಳು. ಇವಳೂ ಅರ್ಥವಾಗದೆ ನಗುವಳು.

ನಿಜ ಹೇಳಬೇಕೆಂದರೆ, ಆ ಊರಿನಲ್ಲಿ ಇವಳೊಂದಿಗೆ ಮುಖಕೊಟ್ಟು ಮಾತಾಡುವ ಜೀವ ಅದೊಂದೇ. ಬಾಡಿಗೆ ಕೋಣೆಯ ಗೋಡೆಯಾಚೆ ಯಾರೋ ಕೆಮ್ಮುತ್ತಿದ್ದರು. ಅವರು ಗಂಡಸೋ ಹೆಂಗಸೋ ಅನ್ನುವುದೂ ಇವಳಿಗೆ ತಿಳಿಯದು. ಭಾನುವಾರ ಫೋನು ಮಾಡುವ ಅಕ್ಕನದು ಒಂದೇ ರಾಗ: "ಭಾಷೆ ಕಲಿಯೇ ಮೊದ್ಲು. ಮಾತು ಬಂದ್ರೆ ಜನ ತಾವಾಗೇ ಹತ್ರ ಬರ್ತಾರೆ." ಸರಿ, ಕಲಿತಳು. ಕಲಿತದ್ದು ಪುಸ್ತಕದಿಂದಲ್ಲ, ಅಜ್ಜಿಯ ಬಾಯಿಂದ.

ತಲೆ ಬಾಚಿಸಿಕೊಳ್ಳುವಾಗ ಅಜ್ಜಿ ದಿನಾ ಒಂದೇ ಕಥೆ ಹೇಳುತ್ತಿದ್ದಳು, ಹೇಳುತ್ತ ಅಳುತ್ತಿದ್ದಳು. ಮೊದಮೊದಲು ಇವಳಿಗೆ ಸಿಕ್ಕಿದ್ದು ಮೂರೇ ಪದ: ಅಮ್ಮ, ತಂಗಿ, ಕಾಗದ. ಪಾಪ, ತಂಗಿಯ ಕಾಗದಕ್ಕೆ ಕಾಯುತ್ತಿದೆ ಮುದಿಜೀವ ಅಂದುಕೊಂಡು, ಕೆಳಗಿನ ಅಂಚೆಪೆಟ್ಟಿಗೆಯನ್ನು ಇವಳೇ ದಿನಾ ಇಣುಕಿ ನೋಡಿ ಬರುತ್ತಿದ್ದಳು. ತಿಂಗಳುಗಳು ಉರುಳಿದಂತೆ ನಡುವಿನ ಮಾತುಗಳೂ ಕೂಡಿಕೊಂಡವು. ತಂಗಿ ಮನೆಬಿಟ್ಟು ಹೋಗಿ ದೂರದಲ್ಲಿ ಮದುವೆಯಾಗಿದ್ದಳು. ಹಾಸಿಗೆ ಹಿಡಿದ ಅಮ್ಮನ ಚಾಕರಿ ಅಕ್ಕನ, ಅಂದರೆ ಈ ಅಜ್ಜಿಯ, ತಲೆಗೆ ಬಿತ್ತು. ತಂಗಿಯ ಕಾಗದ ತಿಂಗಳಿಗೊಂದರಂತೆ ತಪ್ಪದೆ ಬರುತ್ತಿತ್ತು, ಅದೇ ಅಂಚೆ ಕಚೇರಿಗೆ, ಅದೇ ಅಕ್ಕನ ಕೈಗೆ. ಹೊಟ್ಟೆಕಿಚ್ಚಿಗೆ ಅವಳು ಅವನ್ನೆಲ್ಲ ತನ್ನ ಮೇಜಿನ ಖಾನೆಗೆ ತುರುಕಿಬಿಟ್ಟಳು. "ಚಿಕ್ಕವಳು ಬರೆದ್ಲಾ?" ಎಂದು ಅಮ್ಮ ಸಾಯುವ ದಿನವೂ ಕೇಳಿದಳಂತೆ. "ಇಲ್ಲಮ್ಮ" ಅಂದಳಂತೆ ಅಜ್ಜಿ. ಆ ಕೊನೆಯ ತುಣುಕು ಇವಳ ತಲೆಗೆ ಹೋದದ್ದು ಇವತ್ತು. ಹೋದದ್ದೇ ತಡ, ನಾಲಿಗೆ ಹೊರಳಿಬಿಟ್ಟಿತು.

"ನಿಂಗೆ ಅರ್ಥ ಆಗತ್ತಾ?" ಅಜ್ಜಿ ಕನ್ನಡಿಯಲ್ಲೇ ಕೇಳಿದಳು.

"ಹೂಂ" ಅಂದು ಇವಳು ನಾಲಿಗೆ ಕಚ್ಚಿಕೊಂಡಳು.

"ಯಾವಾಗಿಂದ?"

"ನಾನು... ಮಾತು... ಸ್ವಲ್ಪ ಗೊತ್ತು" ಎಂದು ಬೇಕೆಂದೇ ಮುರಿದು ಮುರಿದು ಹೇಳಿದಳು. ಪ್ರಯೋಜನವಾಗಲಿಲ್ಲ. ಅಜ್ಜಿ ಬಾಚಣಿಗೆ ಕಸಿದುಕೊಂಡು, ತಾನೇ ತಲೆ ಬಾಚಿಕೊಂಡಳು.

ಮಾರನೆಯ ದಿನ ಅಜ್ಜಿ ಇವಳನ್ನು ನೀವು ಅಂದಳು. "ನೀರು ಸಾಕು. ಟವೆಲ್ ಕೊಡ್ತೀರಾ? ಥ್ಯಾಂಕ್ಸ್." ಬೈದಿದ್ದರೆ ಎಷ್ಟೋ ವಾಸಿಯಿತ್ತು. ವಾರವಿಡೀ ಬಸ್ಸಿನಲ್ಲಿ ಕೂತು ಇವಳು ಒಂದು ವಾಕ್ಯವನ್ನು ಉರುಹೊಡೆದಳು. ಮಂಡಿಗೆ ಎಣ್ಣೆ ತಿಕ್ಕುವಾಗ, ಅಲ್ಲಿಯವರೇ ತಲೆದೂಗುವಷ್ಟು ಚೆನ್ನಾಗಿ ಅದನ್ನು ಹೇಳಿದಳು: "ಅಮ್ಮಾ, ನಾನು ಅದನ್ನ ಯಾರ ಹತ್ರಾನೂ ಹೇಳಲ್ಲ."

"ಯಾವುದನ್ನ?" ಅಂದಳು ಅಜ್ಜಿ. ಇವಳು ಇನ್ನೊಂದು ಮಂಡಿಗೆ ಎಣ್ಣೆ ಹಚ್ಚಿದಳು.

ಮೂರನೆಯ ವಾರ ಕೆಲಸ ಕೊಡಿಸುವ ಕಚೇರಿಯವರು ಕರೆಸಿದರು. ಅಜ್ಜಿ ಫೋನಿನಲ್ಲಿ ಇವಳನ್ನು ಬಾಯ್ತುಂಬ ಹೊಗಳಿದ್ದಳಂತೆ. ಇಷ್ಟು ಚೆನ್ನಾಗಿ ಮಾತು ಬರುವವಳನ್ನು ಸ್ನಾನ ಮಾಡಿಸಲು ಯಾಕೆ ಇಟ್ಟಿದ್ದೀರಿ, ನನಗೆ ಯಾರಾದರೂ ಹೊಸಬಳು ಸಾಕು, ಮಾತು ಬರದಿದ್ದರೂ ಪರವಾಗಿಲ್ಲ ಅಂದಳಂತೆ. "ಅದೃಷ್ಟವಂತೆ ನೀನು" ಅಂದ ಕಚೇರಿಯವನು, ಹೊಸಬರಿಗೆ ಕೆಲಸ ಕಲಿಸುವ ಹೊಣೆ ಕೊಟ್ಟ. ಬಸ್ ನಿಲ್ದಾಣದಲ್ಲಿ ಇವಳು ಎರಡು ಬಸ್ಸು ಹೋಗಲು ಬಿಟ್ಟಳು. ಅಕ್ಕನಿಗೆ ಫೋನು ಮಾಡಿ ಬಡ್ತಿ ಸಿಕ್ಕಿತು ಅಂದಳು, ಅಕ್ಕ ಖುಷಿಪಟ್ಟಳು.

ಹೊಸಬಳು ಇವಳ ಭಾಷೆಯವಳೇ, ಇವಳಿಗಿಂತ ಹತ್ತು ವರ್ಷ ದೊಡ್ಡವಳು. ಅಜ್ಜಿಯ ಮನೆಯಲ್ಲಿ ಇವಳು ಎರಡು ದಿನ ಜೊತೆಗಿದ್ದು, ಕುರ್ಚಿ ಎಲ್ಲಿ ಹಿಡಿಯಬೇಕು, ಯಾವ ಮಂಡಿಗೆ ನೋವು ಜಾಸ್ತಿ, ಎಲ್ಲ ತೋರಿಸಿಕೊಟ್ಟಳು. ಎರಡನೆಯ ದಿನ ಅಡುಗೆಮನೆಯಲ್ಲಿ ಮಾತ್ರೆ ಜೋಡಿಸುತ್ತಿದ್ದಾಗ ಹೊಸಬಳು ನೀರಿಗೆಂದು ಓಡಿಬಂದಳು.

"ಏನ್ ತಾಯಿ ಇದು! ಮುದುಕಮ್ಮ ನನ್ ಕೈ ಹಿಡ್ಕೊಂಡು ಪಿಸಪಿಸ ಏನೇನೋ ಹೇಳ್ತು, ಕಣ್ಣಲ್ಲಿ ನೀರು. ನಂಗೊಂದೂ ತಿಳೀಲಿಲ್ಲ. ಬಂದು ಸ್ವಲ್ಪ ಕೇಳ್ತೀರಾ?"

"ನಾನು ಬಂದ್ರೆ ನಿಲ್ಲಿಸಿಬಿಡ್ತಾರೆ" ಅಂದಳು ಇವಳು. "ನೀವು ಹೋಗಿ. ಕೈ ಬಿಡಿಸ್ಕೋಬೇಡಿ, ಅಷ್ಟೇ."

"ಇವರ ಭಾಷೆ ಕಲಿಯೋಕೆ ಎಷ್ಟು ದಿನ ಬೇಕು? ನಿಮ್ ಹಾಗೆ ಪಟಪಟ ಮಾತಾಡೋಕೆ?"

"ಬರತ್ತೆ. ಆತುರ ಯಾಕೆ?"

ಚೀಲ ಹೆಗಲಿಗೇರಿಸಿ, ಕೋಣೆಯ ಬಾಗಿಲಲ್ಲಿ ನಿಂತು "ಹೋಗ್ಬರ್ತೀನಮ್ಮಾ" ಅಂದಳು. "ಒಳ್ಳೇದಾಗ್ಲಿ ನಿಮಗೆ" ಅಂದಳು ಅಜ್ಜಿ. ಹೊರಬಾಗಿಲು ಎಳೆದುಕೊಂಡು ಮೆಟ್ಟಿಲ ಹತ್ತಿರ ಬರುವವರೆಗೂ ಒಳಗೆ ಸದ್ದಿರಲಿಲ್ಲ. ಎರಡು ಮೆಟ್ಟಿಲು ಇಳಿದಾಗ ಅಜ್ಜಿಯ ದನಿ ಶುರುವಾಯಿತು.

"ಮುಂಚೆ ಒಬ್ಬಳಿದ್ಲು ಕಣೇ, ನನ್ನ ಹೂಂ. ಅವಳ ಕೈಯಷ್ಟು ಮೃದು ಕೈ ನಾನು ಕಂಡಿಲ್ಲ. ಅವಳಿಲ್ದೆ ಬೆಳಗೇ ಆಗಲ್ಲ ನಂಗೆ. ಈ ಮುಖ ಇಟ್ಕೊಂಡು ಅವಳ ಎದುರಿಗೆ ಹೇಗೆ ಕೂತ್ಕೊಳ್ಲಿ, ನೀನೇ ಹೇಳು?"

ಹೊಸಬಳು ಏನೋ ಸಮಾಧಾನದ ಸದ್ದು ಮಾಡಿದಳು. ಇವಳು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಳು. ಅಜ್ಜಿ ಹೇಳುತ್ತಲೇ ಇದ್ದಳು, ಒಂದು ಪದವೂ ತಪ್ಪದಂತೆ ಕೇಳಿಸುತ್ತಿತ್ತು.